ಸದ್ದು ಸೋಸುವ ಗುಂಡಿ

ಸಂಜೆ ಎಂಟಕ್ಕೆ, ಕ್ಲಾಕ್ಸ್‌ವೀಕಿನ ನನ್ನ ವರ್ಕ್‌ಶಾಪಿನಲ್ಲಿ
ರೇಡಿಯೋ ಹಚ್ಚುತ್ತೇನೆ. ಒಂದು ಗಂಟೆ.
ಫೆರೋ ದ್ವೀಪಗಳ ಮೆಕ್ಯಾನಿಕ್‌ಗಳು, ದೋಣಿಯವರು
ಕೆಮ್ಮುವ ಎಂಜಿನ್ನುಗಳ ನಾಡಿ ಹಿಡಿದು ಕೂತಿರುತ್ತಾರೆ.
ಕೂಲಿಯಿಲ್ಲ. ಇವತ್ತು ನಿನ್ನದು, ನಾಳೆ ನನ್ನದು, ಅಷ್ಟೇ ಲೆಕ್ಕ.

ಕೇಳುವುದಕ್ಕೂ ಒಂದು ಕ್ರಮವಿದೆ ಮಾರಾಯರೇ.
ಯಾವ ಎಂಜಿನ್ನು, ಯಾವ ವರ್ಷದ್ದು,
ಹೊಗೆ ಬಿಳಿಯೋ ಕಪ್ಪೋ, ಬಿಳಿಯಾದರೆ ಸಿಹಿ ವಾಸನೆಯೋ,
ನೀನೇ ಏನೇನು ಬಿಚ್ಚಿ ನೋಡಿದೆ,
ಬಿಚ್ಚಿದ್ದರಲ್ಲಿ ಎಷ್ಟನ್ನು ಮತ್ತೆ ಕೂರಿಸಿದೆ.
"ನನ್ನ ದೋಣಿ ಹೋಗ್ತಾ ಇಲ್ಲ" ಎಂದರೆ
ನಾನೇನು ಕವಡೆ ಹಾಕಿ ಹೇಳಲೇ?
ಇಷ್ಟಿಲ್ಲದೆ ಕೇಳಬೇಡಿ ಎಂದು ರಟ್ಟಿನ ಮೇಲೆ ಬರೆದು
ಮೀನು ಹರಾಜಿನ ಕಟ್ಟೆಗೂ ಅಂಟಿಸಿದ್ದೇನೆ.

ಆದರೂ ಬರುತ್ತಾರೆ.
ಹೊಗ್ನಿ ಬರುತ್ತಾನೆ, ಗ್ಯಾಸ್ಕೆಟ್ ಎನ್ನುತ್ತಾನೆ,
ಆರು ಜನರ ಊಟ ಆರಿಹೋಗುವವರೆಗೆ ಕೇಳಿಸಿಕೊಂಡು
ತಟ್ಟನೆ ಮಾಯ. ಸರಿಹೋಯಿತೋ, ಮುಳುಗಿದನೋ, ಒಂದು ಮಾತಿಲ್ಲ.
ಬಾರ್ದುರ್‌ಗೆ ಎಲ್ಲ ರೋಗಕ್ಕೂ ಒಂದೇ ಕಷಾಯ: ಇಂಜೆಕ್ಟರ್ ಬದಲಿಸು.
ಲಂಗರು ಸಿಕ್ಕಿಹಾಕಿಕೊಂಡರೂ ಇಂಜೆಕ್ಟರ್ ಬದಲಿಸು.
ತ್ರೋಂದುರ್ ಬೇರೆ ಥರ. ಬಲ್ಲವನು.
ಬೇರಿಂಗು ಸವೆದದ್ದನ್ನು ಕಿವಿಯಲ್ಲೇ ಹೇಳಬಲ್ಲ.
ಆದರೆ ಉತ್ತರಕ್ಕೆ ಮೊದಲು ಒಂದು ಉಗುಳು:
"ಇಷ್ಟೂ ತಿಳಿಯದವನು ಕಡಲಿಗೆ ಯಾಕೆ ಇಳಿದೆ?"
ಆ ಮಾತು ತಿಂದವರು ಮತ್ತೆ ಕೇಳಲು ಬರಲಿಲ್ಲ.
ಹನ್ನೊಂದು ಜನ. ಎಣಿಸಿದ್ದೇನೆ.

ರೇಡಿಯೋದ ಬಲಗಡೆ ಒಂದು ಗುಂಡಿ.
ತಿರುಗಿಸಿದಷ್ಟೂ ಬರಬರ ಸದ್ದು ಕಡಿಮೆ,
ಪೂರ್ತಿ ತಿರುಗಿಸಿದರೆ, ಹಿಮ ಬಿದ್ದ ಬೆಳಗಿನ ಹಾಗೆ, ಶಾಂತ.
ಫೆಬ್ರುವರಿಯ ಒಂದು ರಾತ್ರಿ, ತಲೆ ಸಿಡಿದು, ಪೂರ್ತಿ ತಿರುಗಿಸಿದೆ.
ತಮಾಷೆ ನೋಡಿ,
ಬಾರ್ದುರ್ ಬಂದ. ತ್ರೋಂದುರ್ ಬಂದ.
ಇಬ್ಬರ ಮನೆಯೂ ಗುಡ್ಡದ ಮೇಲೆ, ಆಂಟೆನಾ ಎತ್ತರ,
ದನಿ ಬಾಗಿಲು ಒದ್ದುಕೊಂಡು ಒಳಗೆ.
ಈ ಗುಂಡಿ ಸೋಸುವುದು ಕೆಟ್ಟದ್ದನ್ನಲ್ಲ,
ಕ್ಷೀಣವಾದದ್ದನ್ನು.
ಇಪ್ಪತ್ತು ವರ್ಷ ಅದರ ಮುಂದೆ ಕೂತ ನನಗೆ
ಗೊತ್ತಿರಲಿಲ್ಲ ಎಂದೇನಲ್ಲ.

ಮೂರನೇ ದಿನ ಒಬ್ಬ ಹುಡುಗಿ ಬಂದಳು.
ಸುನ್ವಾ, ಫುಗ್ಲೋಯ್ ಕಡೆಯವಳು, ಹತ್ತೊಂಬತ್ತಿರಬಹುದು.
ಮೇಜಿನ ಮೇಲೆ ಇಟ್ಟಳು, ನೀರಿನ ಪಂಪಿನ ರಬ್ಬರ್ ಚಕ್ರ,
ಆರು ರೆಕ್ಕೆಯಲ್ಲಿ ಎರಡು ಉಳಿದಿದ್ದವು.
"ಮೂರು ಸಲ ಕರೆದೆ" ಅಂದಳು. ದೂರಿನ ದನಿಯಲ್ಲ.
"ಮೊದಲೇ ಕರೆಯಬೇಕಿತ್ತು. ಎಂಜಿನ್ನಿನ ವರ್ಷ ಗೊತ್ತಿರಲಿಲ್ಲ.
ಅದಿಲ್ಲದೆ ಕೇಳಬಾರದಂತೆ, ಕಟ್ಟೆಯಲ್ಲಿ ಬರೆದಿದೆಯಲ್ಲ.
ತಗಡಿನ ಮೇಲಿನ ಉಪ್ಪು ಉಗುರಿಂದ ಕೆರೆದು ಓದಿದೆ.
ಇಷ್ಟಕ್ಕೆಲ್ಲ ರಕ್ಷಣೆಯವರನ್ನು ಎಬ್ಬಿಸಲು ನಾಚಿಕೆಯಾಯ್ತು.
ಅಷ್ಟರಲ್ಲಿ ಬಂಡೆ ಹತ್ತಿರವಾಗಿತ್ತು."
ಹೇಗೆ ಬಂದೆ ಎಂದೆ. ಹುಟ್ಟು ಹಾಕಿದೆ ಎಂದಳು.
ಅಂಗೈ ತೋರಿಸಲಿಲ್ಲ. ನಾನೂ ಕೇಳಲಿಲ್ಲ.

ರಟ್ಟು ಕಿತ್ತುಹಾಕಿಲ್ಲ. ಕ್ರಮ ಕ್ರಮವೇ.
ಅಡಿಯಲ್ಲಿ ಒಂದು ಸಾಲು ಸೇರಿಸಿದೆ:
ಏನೂ ಗೊತ್ತಿಲ್ಲದಿದ್ದರೆ, ಎಲ್ಲಿದ್ದೀಯ ಅಷ್ಟು ಹೇಳು.
ಆಮೇಲೆ ತ್ರೋಂದುರ್ ಮನೆಗೆ ಗುಡ್ಡ ಹತ್ತಿಕೊಂಡು ಹೋದೆ.
ಗುಂಡಿ ಮಾಡದ ಕೆಲಸ ಬಾಯಿ ಮಾಡಬೇಕು.
"ನಿನ್ನ ಕಿವಿ ಬೇಕು, ನಾಲಗೆ ಬೇಡ" ಎಂದೆ.
ಕಾಫಿ ಕೊಡಲಿಲ್ಲ. ಎರಡು ವಾರ ರೇಡಿಯೋಗೂ ಬರಲಿಲ್ಲ.
ಆ ಎರಡು ವಾರದಲ್ಲಿ ಮೂರು ಎಂಜಿನ್ನು ನಮ್ಮಿಂದ ಬಗೆಹರಿಯಲಿಲ್ಲ,
ಅದನ್ನೂ ಹೇಳಬೇಕಲ್ಲ.

ಈಗ ಗುಂಡಿ ಕೆಳಗೇ ಇರುತ್ತದೆ.
ಗಂಟೆಯಿಡೀ ಸುರಿವ ಸದ್ದು, ಬಾಣಲೆಯಲ್ಲಿ ಮೀನು ಹುರಿದಂತೆ.
ಅದರೊಳಗೆ ಕಿವಿಯಿಟ್ಟು ಕೂರುತ್ತೇನೆ,
ಕಲ್ಲಿನ ರಾಶಿಯಲ್ಲಿ ಅಕ್ಕಿ ಆರಿಸುವ ಕೆಲಸ.
ನಿನ್ನೆ ಆ ಸದ್ದಿನ ನಡುವೆ ಹೊಗ್ನಿ ಬಂದ, ನವೆಂಬರಿನ ಹೊಗ್ನಿ:
"ಆ ಗ್ಯಾಸ್ಕೆಟ್... ಅದು ಸರಿಹೋಯ್ತು."
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
"ಇಂಜೆಕ್ಟರ್ ಬದಲಿಸಿದೆಯಾ?" ಎಂದ ಬಾರ್ದುರ್.